ಹಾರುವ ಬಣ್ಣಗಳಲ್ಲ, ಹಾರುವ ಬಾವುಟಗಳು

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ವಾರ ಕಾಸರಗೋಡಿನ ಪೇಟೆಬೀದಿಗಳಲ್ಲಿ ಫ್ಲೆಕ್ಸ್ ಫಲಕಗಳಿಗೆ ಬರವಿಲ್ಲ. 'ಫುಲ್ ಎ ಪ್ಲಸ್' ಪಡೆದ ಮಕ್ಕಳ ಭಾವಚಿತ್ರ, ಅದರಡಿ ಅಭಿನಂದನೆಯ ಒಂದು ಸಾಲು. ಅಂಥ ಫಲಕದಲ್ಲಿ 'ಪಾಸ್ಡ್ ವಿತ್ ಫ್ಲೈಯಿಂಗ್ ಕಲರ್ಸ್' ಎಂಬ ಇಂಗ್ಲಿಷ್ ಮಾತಿದ್ದರೆ ಕನ್ನಡ ಮಾಧ್ಯಮದ ಏಳನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಹೇಗೆ ಅರ್ಥೈಸಿಯಾಳು? ಪಾಸ್ಡ್ ಎಂದರೆ ತೇರ್ಗಡೆ, ಫ್ಲೈಯಿಂಗ್ ಎಂದರೆ ಹಾರುವ, ಕಲರ್ಸ್ ಎಂದರೆ ಬಣ್ಣಗಳು. ಬಿಡಿಬಿಡಿಯಾಗಿ ಎಲ್ಲವೂ ಸರಿ. ಕೂಡಿಸಿದಾಗ ಸಿಗುವುದು 'ಹಾರುವ ಬಣ್ಣಗಳೊಂದಿಗೆ ತೇರ್ಗಡೆ'. ಪರೀಕ್ಷೆಯ ಫಲಿತಾಂಶವೋ ಹೋಳಿಹಬ್ಬವೋ ತಿಳಿಯದಂಥ ಮಾತು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಚಿಕ್ಕಪ್ಪನ ಮಗಳು ಅದನ್ನು ಕೇಳಿ ನಕ್ಕುಬಿಡುತ್ತಾಳೆ. ಹುಡುಗಿ ಆ ನಗುವನ್ನು ಎರಡು ದಿನಗಳಲ್ಲಿ ಮರೆತರೂ ಅಪ್ಪ ಮರೆಯುವುದಿಲ್ಲ. "ಇವಳದು ಆಯಿತು, ತಮ್ಮನನ್ನಾದರೂ ಇಂಗ್ಲಿಷ್ ಮಾಧ್ಯಮಕ್ಕೆ ಹಾಕೋಣ" ಎಂಬ ಮಾತು ಆ ರಾತ್ರಿಯ ಊಟದ ಹೊತ್ತಿಗೇ ಬಂದುಬಿಡುತ್ತದೆ. ಗಡಿನಾಡಿನ ಕನ್ನಡ ಶಾಲೆಗಳ ಹಾಜರಿ ಪುಸ್ತಕ ತೆಳ್ಳಗಾಗುವುದು ಹಲವು ಸಲ ಇಷ್ಟು ಸಣ್ಣ ನಗುವಿನಿಂದಲೇ.

ಆದರೆ ಆ ಹುಡುಗಿ ಮಾಡಿದ ತಪ್ಪು ಯಾವುದು? ಅವಳಿಗೆ ಇಂಗ್ಲಿಷ್ ಪದಗಳು ತಿಳಿದಿಲ್ಲವೆಂದಲ್ಲ. ಒಂದೊಂದು ಪದದ ಅರ್ಥವೂ ಗೊತ್ತಿತ್ತು. ಅದು ನುಡಿಗಟ್ಟು ಎಂಬುದನ್ನು ಗುರುತಿಸಲಿಲ್ಲ, ಅಷ್ಟೇ. ಕನ್ನಡದಲ್ಲಿ 'ಕಾಲಿಗೆ ಬುದ್ಧಿ ಹೇಳಿದ' ಎಂದು ಓದಿದಾಗ ಯಾವ ಮಗುವೂ ಒಬ್ಬ ಮನುಷ್ಯ ಬಗ್ಗಿ ಕುಳಿತು ತನ್ನ ಪಾದಕ್ಕೆ ಉಪದೇಶ ಮಾಡುತ್ತಿರುವುದನ್ನು ಕಲ್ಪಿಸಿಕೊಳ್ಳುವುದಿಲ್ಲ, ಓಡಿಹೋದನೆಂದೇ ತಿಳಿಯುತ್ತದೆ. ಪದದ ಅರ್ಥ ಬೇರೆ, ಮಾತಿನ ಅರ್ಥ ಬೇರೆ ಎಂಬ ತಿಳಿವಳಿಕೆ ಆ ಮಗುವಿಗೆ ಮನೆಮಾತಿನಲ್ಲಿ ಆಗಲೇ ಬಂದಿದೆ. ಇಂಗ್ಲಿಷಿನ ಮುಂದೆ ಕುಳಿತಾಗ ಅದನ್ನು ಬಳಸಬಹುದೆಂದು ಯಾರೂ ಹೇಳಿಕೊಟ್ಟಿಲ್ಲ. ಇಂಗ್ಲಿಷಿನಲ್ಲಿ ಹಾರಾಟಕ್ಕೆ ಸಂಬಂಧಿಸಿದ ಕೆಲವು ಮಾತುಗಳನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲು ಆ ಫಲಕದ ಮಾತನ್ನೇ ತೆಗೆದುಕೊಳ್ಳಬಹುದು. ಹಾಯಿಹಡಗುಗಳ ಕಾಲದ ನಾವಿಕರಿಗೆ 'ಕಲರ್ಸ್' ಎಂದರೆ ಬಣ್ಣಗಳಲ್ಲ, ಹಡಗು ಯಾವ ದೇಶದ್ದೆಂದು ಸಾರುವ ಧ್ವಜ. ಸೇನೆಯ ದಳಗಳ ಧ್ವಜಕ್ಕೂ ಇದೇ ಹೆಸರು. ಕಾದಾಟದಲ್ಲಿ ಸೋತ ಹಡಗು ಧ್ವಜವನ್ನು ಕೆಳಗಿಳಿಸುತ್ತಿತ್ತು. ಅದು ಶರಣಾಗತಿಯ ಗುರುತು. ಧ್ವಜ ಮೇಲೆ ಹಾರುತ್ತಿರುವಂತೆಯೇ ಬಂದರಿಗೆ ಮರಳಿದರೆ ಅದು ಸೋಲದೆ ಬಂದ ಹಡಗು. ಹೀಗೆ 'ಫ್ಲೈಯಿಂಗ್ ಕಲರ್ಸ್' ಎಂದರೆ ಹಾರುವ ಬಣ್ಣಗಳಲ್ಲ, ಹಾರುವ ಬಾವುಟಗಳು. ಅಷ್ಟು ತಿಳಿದೊಡನೆ ಕನ್ನಡದ ಮಗುವಿಗೆ ಮುಂದಿನ ವಿವರಣೆ ಬೇಕಾಗುವುದಿಲ್ಲ. 'ವಿಜಯಪತಾಕೆ ಹಾರಿಸಿದರು' ಎಂಬ ಮಾತನ್ನು ಅದು ಇದೇ ಪತ್ರಿಕೆಯ ಕ್ರೀಡಾಸುದ್ದಿಯಲ್ಲಿ, ಶಾಲಾ ವಾರ್ಷಿಕೋತ್ಸವದ ಭಾಷಣದಲ್ಲಿ ಎಷ್ಟೋ ಸಲ ಕೇಳಿದೆ. ಎರಡು ಭಾಷೆಗಳು ಒಂದೇ ಬಾವುಟವನ್ನು ನೋಡಿ ಒಂದೇ ಮಾತನ್ನು ಆಡಿವೆ.

ಅದೇ ಧ್ವಜದಿಂದ ಇಂಗ್ಲಿಷಿಗೆ ಇನ್ನೊಂದು ಮಾತೂ ಬಂದಿದೆ: 'ಟು ಶೋ ಒನ್ಸ್ ಟ್ರೂ ಕಲರ್ಸ್'. ಬೇರೆ ದೇಶದ ಧ್ವಜವನ್ನು ಹಾರಿಸುತ್ತ ಹತ್ತಿರ ಬಂದು, ದಾಳಿಯ ಹೊತ್ತಿಗೆ ತನ್ನ ನಿಜವಾದ ಧ್ವಜವನ್ನೇರಿಸುವ ಹಡಗುಗಳಿದ್ದವು. ಕನ್ನಡದಲ್ಲಿ ಇದಕ್ಕೆ ಸಲ್ಲುವ ಮಾತು 'ಬಣ್ಣ ಬಯಲಾಯಿತು'. ಇಲ್ಲಿ ಎರಡೂ ಕಡೆ ಬಣ್ಣವೇ ಇದ್ದರೂ ಮನಸ್ಸಿಗೆ ಬರುವ ಚಿತ್ರ ಬೇರೆ. ಇಂಗ್ಲಿಷಿನದು ಧ್ವಜದ ಬಣ್ಣ. ಚೌಕಿಯಲ್ಲಿ ಮುಖವರ್ಣಿಕೆ ಕಂಡು ಬೆಳೆದ ಈ ನೆಲದ ಮಕ್ಕಳಿಗೆ ತೋರುವುದು ವೇಷದ ಬಣ್ಣ. ದಾರಿ ಎರಡು, ತಲುಪುವ ಊರು ಒಂದು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದ ಕಿಟ್ಟಿ ಹಾಕ್ ಬಳಿ ರೈಟ್ ಸಹೋದರರ ವಿಮಾನ ಎಂಜಿನ್ನಿನ ಬಲದಿಂದ ಮೊದಲ ಬಾರಿಗೆ ನೆಲ ಬಿಟ್ಟದ್ದು 1903ರ ಡಿಸೆಂಬರ್ 17ರಂದು. ಆ ಮೊದಲ ಹಾರಾಟದ ಅವಧಿ 12 ಸೆಕೆಂಡು, ದೂರ 120 ಅಡಿ. ಇಂಗ್ಲಿಷಿನಲ್ಲಿ ಹಾರಾಟದ ನುಡಿಗಟ್ಟುಗಳಲ್ಲಿ ಹೆಚ್ಚಿನವು ಅದಕ್ಕಿಂತ ಬಹಳ ಹಿಂದಿನವು. ಅವನ್ನು ಆಡಿದವರು ವಿಮಾನವನ್ನು ಕಂಡವರಲ್ಲ. ಕಾಗೆ, ಕೊಡಲಿ, ಹಡಗು, ಹಂದಿ, ನೊಣಗಳನ್ನು ಕಂಡವರು. ಹಳ್ಳಿಯ ಮಕ್ಕಳಿಗೂ ಇವೆಲ್ಲ ಪರಿಚಿತವೇ.

'ಆಸ್ ದ ಕ್ರೋ ಫ್ಲೈಸ್' ಎಂದರೆ ಕಾಗೆ ಹಾರುವಂತೆ, ಅಂದರೆ ಎರಡು ಸ್ಥಳಗಳ ನಡುವಿನ ನೇರ ದೂರ. ಚಂದ್ರಗಿರಿ ಹೊಳೆಯ ಈ ದಡದಲ್ಲಿ ನಿಂತವನಿಗೆ ಆಚೆ ದಡದ ಮನೆಯ ಹಂಚು ಕಾಣುತ್ತದೆ. ಆದರೆ ಅಲ್ಲಿಗೆ ಹೋಗಲು ಸೇತುವೆಯವರೆಗೆ ಸುತ್ತಬೇಕು. ಕಾಗೆಗೆ ಆ ಸುತ್ತು ಇಲ್ಲ. ಗಣಿತದ ಪಾಠದಲ್ಲಿ ಪೈಥಾಗೊರಸನ ಪ್ರಮೇಯ ಓದಿದವರಿಗೆ ಇದು ಇನ್ನೂ ಸುಲಭ. ಪೂರ್ವಕ್ಕೆ 3 ಕಿಲೋಮೀಟರ್, ಅಲ್ಲಿಂದ ಉತ್ತರಕ್ಕೆ 4 ಕಿಲೋಮೀಟರ್ ಹೋಗುವ ರಸ್ತೆಯ ಉದ್ದ 7 ಕಿಲೋಮೀಟರ್; ಕಾಗೆಯ ದಾರಿ 5 ಕಿಲೋಮೀಟರ್ ಮಾತ್ರ. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕನ್ನಡದಲ್ಲಿ ಕಾಗೆ ತಾನಾಗಿ ಹಾರಿದರೆ ತೊಂದರೆಯಿಲ್ಲ, ಯಾರಾದರೂ ಹಾರಿಸಿದರೆ ಅರ್ಥವೇ ಬೇರೆ. 'ಕಾಗೆ ಹಾರಿಸಬೇಡ' ಎಂದರೆ ಸುಳ್ಳು ಹೇಳಬೇಡ ಎಂದಂತೆ. ಇಂಗ್ಲಿಷಿನ ಕಾಗೆ ನೇರ, ಕನ್ನಡದ ಕಾಗೆ ಸುಳ್ಳು. ಹಕ್ಕಿ ಒಂದೇ ಆದ ಮಾತ್ರಕ್ಕೆ ಮಾತೂ ಒಂದೇ ಎಂದು ಎಣಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

'ಟು ಫ್ಲೈ ಆಫ್ ದ ಹ್ಯಾಂಡಲ್' ಎಂಬುದನ್ನು 'ಹಿಡಿಯಿಂದ ಹಾರು' ಎಂದು ಅನುವಾದಿಸಿದರೆ ಏನೂ ತಿಳಿಯುವುದಿಲ್ಲ. 19ನೆಯ ಶತಮಾನದಲ್ಲಿ ಉತ್ತರ ಅಮೆರಿಕದಲ್ಲಿ ಹುಟ್ಟಿದ ಈ ಮಾತಿನ ಹಿಂದೆ ಇರುವುದು ಕೊಡಲಿ. ಮರದ ಕಾವು ಒಣಗಿ ಕುಗ್ಗಿದಾಗ ಕೊಡಲಿಯ ತಲೆ ಸಡಿಲಾಗುತ್ತದೆ. ಆಗ ಬೀಸಿದರೆ ಅದು ಕಾವಿನಿಂದ ಕಳಚಿ ಎತ್ತಲೋ ಹಾರುತ್ತದೆ. ಸೌದೆ ಒಡೆಯುವ ಮನೆಗಳಲ್ಲಿ ಕೊಡಲಿಗೆ ಬೆಣೆ ಬಡಿಯುವುದು, ಕೆಲಸಕ್ಕೆ ಮುಂಚೆ ಅದನ್ನು ನೀರಿನಲ್ಲಿ ನೆನೆಹಾಕುವುದು ಇದಕ್ಕಾಗಿಯೇ. ಅಜ್ಜ ಸೌದೆ ಒಡೆಯುವಾಗ "ಅಲ್ಲಿ ನಿಲ್ಲಬೇಡ, ಆಚೆ ಹೋಗು" ಎಂದು ಗದರಿಸಿಕೊಂಡ ಮಗುವಿಗೆ ಈ ನುಡಿಗಟ್ಟು ಅರ್ಧ ತಿಳಿದಂತೆಯೇ. ಇದ್ದಕ್ಕಿದ್ದಂತೆ ಸಿಟ್ಟಿಗೆ ಸಿಕ್ಕಿ ಹಿಡಿತ ತಪ್ಪುವುದು ಎಂಬುದು ಇದರ ಅರ್ಥ. ಕನ್ನಡದಲ್ಲಿ ಅಂಥವನು 'ಕೆಂಡಾಮಂಡಲವಾಗುತ್ತಾನೆ'. ಕನ್ನಡದ ಚಿತ್ರ ಸಿಟ್ಟಿನ ಬಿಸಿಯನ್ನು ತೋರಿಸುತ್ತದೆ. ಇಂಗ್ಲಿಷಿನದು ಆ ಸಿಟ್ಟು ಹತ್ತಿರ ನಿಂತವರಿಗೆ ಮಾಡುವ ಅಪಾಯವನ್ನು ತೋರಿಸುತ್ತದೆ.

'ಟೈಮ್ ಫ್ಲೈಸ್' ಎಂಬ ಎರಡು ಪದಗಳ ಮಾತಿಗೆ ಎರಡು ಸಾವಿರ ವರ್ಷಗಳ ಹಿನ್ನೆಲೆಯಿದೆ. ಇದರ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ರೋಮನ್ ಕವಿ ವರ್ಜಿಲ್ ಬೇಸಾಯವನ್ನು ಕುರಿತು ಬರೆದ 'ಜಾರ್ಜಿಕ್ಸ್' ಕಾವ್ಯದಲ್ಲಿ ಈ ಭಾವ ಬಂದಿದೆ. ಆದರೆ ಅಲ್ಲಿ ಕಾಲ ಹಾರುವುದಿಲ್ಲ, ತಪ್ಪಿಸಿಕೊಂಡು ಓಡುತ್ತದೆ. ಹಳೆಯ ಇಂಗ್ಲಿಷಿನಲ್ಲಿ 'ಫ್ಲೈ' ಎಂಬ ಪದಕ್ಕೆ ಪಲಾಯನ ಮಾಡು ಎಂಬ ಅರ್ಥವೂ ಇತ್ತು. ಓಡಿಹೋಗುತ್ತಿದ್ದ ಕಾಲಕ್ಕೆ ಇಂಗ್ಲಿಷಿನಲ್ಲಿ ರೆಕ್ಕೆ ಬಂದದ್ದು ಹೀಗೆ. ಕನ್ನಡದವರು ಇದಕ್ಕೆ ಓಟವನ್ನೂ ರೆಕ್ಕೆಯನ್ನೂ ಹುಡುಕದೆ 'ಹೊತ್ತು ಹೋದದ್ದೇ ತಿಳಿಯಲಿಲ್ಲ' ಎಂದರು. ಪರೀಕ್ಷೆಯಲ್ಲಿ ಕನ್ನಡಕ್ಕೆ ತರುವಾಗ ಬರೆಯಬೇಕಾದದ್ದು ಅದನ್ನೇ.

'ಪಿಗ್ಸ್ ಮೈಟ್ ಫ್ಲೈ' ಎಂಬ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಾಗಿದೆ. 'ಹಂದಿಗಳು ಹಾರಿದರೂ ಹಾರಿಯಾವು' ಎಂದರೆ ಎಂದೆಂದಿಗೂ ಆಗದ ಸಂಗತಿ. ಕನ್ನಡದಲ್ಲಿ ಇದಕ್ಕೆ 'ಗಗನಕುಸುಮ' ಇದೆ, 'ಮೊಲದ ಕೊಂಬು' ಇದೆ. ಆಗದ್ದನ್ನು ಆಯಿತೆಂದು ನಂಬುವವನನ್ನು ಕುರಿತು 'ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ ಹಾಗೆ' ಎಂಬ ಗಾದೆಯಿದೆ. ಇಂಗ್ಲಿಷಿನ ಹಾರುವ ಹಂದಿ ಮುದ್ರಿತವಾಗಿ ಕಾಣಿಸಿಕೊಂಡ ಹಳೆಯ ಸ್ಥಳಗಳಲ್ಲಿ ಒಂದು, ಜಾನ್ ವಿದಲ್ಸ್ ಎಂಬಾತನ ಇಂಗ್ಲಿಷ್–ಲ್ಯಾಟಿನ್ ನಿಘಂಟಿನ 1616ರ ಆವೃತ್ತಿ. ಆ ನಿಘಂಟು ವಿದ್ವಾಂಸರಿಗಾಗಿ ಸಿದ್ಧವಾದದ್ದಲ್ಲ. ಹೊಸದಾಗಿ ಲ್ಯಾಟಿನ್ ಕಲಿಯುವ ಇಂಗ್ಲಿಷ್ ಮಕ್ಕಳಿಗಾಗಿ ಸಿದ್ಧವಾದದ್ದು. ಇಂದು ಕಾಸರಗೋಡಿನ ಮಗುವಿಗೆ ಇಂಗ್ಲಿಷ್ ಹೇಗೋ ಅಂದು ಇಂಗ್ಲೆಂಡಿನ ಮಗುವಿಗೆ ಲ್ಯಾಟಿನ್ ಹಾಗಿತ್ತು. ಮನೆಯಲ್ಲಿ ಆಡದ, ಶಾಲೆಯಲ್ಲಿ ಕಲಿಯಲೇಬೇಕಾದ, ಬಾರದಿದ್ದರೆ ನಗೆಗೀಡಾಗುವ ಭಾಷೆ. ಆ ಕಷ್ಟದ ಭಾಷೆಯನ್ನು ಕಲಿಸಲು ಹೊರಟವರು ಮಕ್ಕಳ ಮನೆಮಾತಿನ ಹಂದಿಯನ್ನು ಹೊರಗೆ ಅಟ್ಟಲಿಲ್ಲ, ಪುಸ್ತಕದೊಳಗೆ ಕರೆದುಕೊಂಡರು.

ಹಾರುವಂತೆ ಕಂಡರೂ ಹಾರದ ಕೆಲವು ಮಾತುಗಳಿವೆ. 'ಎ ಫ್ಲೈ ಇನ್ ದ ಆಯಿಂಟ್‌ಮೆಂಟ್' ಎಂಬಲ್ಲಿ ಫ್ಲೈ ಎಂದರೆ ಹಾರಾಟವಲ್ಲ, ನೊಣ. ಕ್ರೈಸ್ತರ ಬೈಬಲಿನ 'ಪ್ರಸಂಗಿ' ಎಂಬ ಭಾಗದಲ್ಲಿ, ಸತ್ತ ನೊಣಗಳು ಸುಗಂಧತೈಲವನ್ನು ಕೆಡಿಸುವ ಮಾತು ಬರುತ್ತದೆ. ಅದರಿಂದ ಬಂದ ನುಡಿಗಟ್ಟು ಇದು. ಒಟ್ಟಿನಲ್ಲಿ ಚೆನ್ನಾಗಿರುವುದನ್ನು ಕೆಡಿಸುವ ಒಂದು ಸಣ್ಣ ಕುಂದು ಎಂದರ್ಥ. ಪಾಯಸದ ಬಟ್ಟಲಿಗೆ ನೊಣ ಬಿದ್ದಂತೆ ಎಂದರೆ ಯಾವ ಮಗುವಿಗೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ನೊಣಕ್ಕೆ ಆ ಹೆಸರು ಬಂದದ್ದು ಅದು ಹಾರುವುದರಿಂದಲೇ. ಎರಡು ಪದಗಳೂ ಒಂದೇ ಬೇರಿನವು.

'ಟು ವಿಂಗ್ ಇಟ್' ಎಂಬಲ್ಲಿ ರೆಕ್ಕೆ ಹಕ್ಕಿಯದಲ್ಲ, ನಾಟಕಶಾಲೆಯದು. ರಂಗದ ಎರಡು ಬದಿಯ ಮರೆಗೆ ಇಂಗ್ಲಿಷಿನಲ್ಲಿ ವಿಂಗ್ ಎನ್ನುತ್ತಾರೆ. ಕನ್ನಡ ನಾಟಕದವರೂ ಸೈಡ್‌ವಿಂಗ್ ಎಂದೇ ಕರೆಯುತ್ತಾರೆ. ಮಾತು ಬಾಯಿಪಾಠವಾಗದ ನಟ ಆ ಮರೆಯಲ್ಲಿ ನಿಂತು ಅವಸರದಲ್ಲಿ ಓದಿಕೊಂಡು, ಅಲ್ಲಿಂದ ಹೇಳಿಕೊಟ್ಟದ್ದನ್ನು ಕೇಳಿಸಿಕೊಂಡು ಹೇಗೋ ನಿಭಾಯಿಸುತ್ತಿದ್ದ. ಸಿದ್ಧತೆಯಿಲ್ಲದೆ ಸಂದರ್ಭವನ್ನು ದಾಟಿಸುವುದಕ್ಕೆ ಆ ಮಾತು ನಿಂತಿತು. ಯಕ್ಷಗಾನ ನೋಡಿ ಬೆಳೆದವರು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಆಶುಮಾತು ಸಿದ್ಧತೆಯ ಕೊರತೆಯಲ್ಲ. ಪ್ರಸಂಗವನ್ನೂ ಪುರಾಣವನ್ನೂ ಅರಗಿಸಿಕೊಂಡವನ ಸಾಮರ್ಥ್ಯ. ಆದುದರಿಂದ ಒಳ್ಳೆಯ ಅರ್ಥಧಾರಿಯ ಮಾತನ್ನು ಇಂಗ್ಲಿಷಿನಲ್ಲಿ ಬಣ್ಣಿಸುವಾಗ ಈ ನುಡಿಗಟ್ಟನ್ನು ಬಳಸಿದರೆ ಅದು ಹೊಗಳಿಕೆಯಾಗದು.

'ಫ್ಲೈ ಬೈ ನೈಟ್' ಎಂದರೆ ಹಿಂದೊಮ್ಮೆ ರಾತ್ರಿಯಲ್ಲಿ ಹಾರಾಡುವ ಮಾಟಗಾತಿ ಎಂಬ ಬೈಗುಳವಾಗಿತ್ತು. ಮುಂದೆ ಬಾಡಿಗೆ, ಸಾಲ ಕೊಡದೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟುವವನಿಗೆ ಅದು ಅಂಟಿಕೊಂಡಿತು. ಈಗ ನಂಬಲರ್ಹವಲ್ಲದ ವ್ಯಾಪಾರಕ್ಕೆ ಆ ಹೆಸರು. 30 ದಿನಗಳಲ್ಲಿ ಸರಾಗ ಇಂಗ್ಲಿಷ್ ಎಂದು ಕರಪತ್ರ ಹಂಚಿ, ಶುಲ್ಕವನ್ನು ಮುಂಗಡವಾಗಿ ಪಡೆದು, ಮುಂದಿನ ತಿಂಗಳು ಬಾಗಿಲಿಗೆ ಬೀಗ ತೋರಿಸುವ ತರಬೇತಿ ಕೇಂದ್ರಗಳನ್ನು ಕಂಡ ತಂದೆತಾಯಂದಿರು ಈ ನುಡಿಗಟ್ಟನ್ನು ಸುಲಭವಾಗಿ ಮರೆಯಲಾರರು.

ವಿಮಾನದಿಂದಲೇ ಬಂದ ಮಾತುಗಳು ಕೆಲವೇ. 'ಟು ಫ್ಲೈ ಬೈ ದ ಸೀಟ್ ಆಫ್ ಒನ್ಸ್ ಪ್ಯಾಂಟ್ಸ್' ಅವುಗಳಲ್ಲಿ ಒಂದು. ಉಪಕರಣಗಳು ಕಡಿಮೆಯಿದ್ದ ದಿನಗಳಲ್ಲಿ ವಿಮಾನ ವಾಲಿತೋ ಇಳಿಯಿತೋ ಎಂಬುದನ್ನು ಚಾಲಕ ತಾನು ಕುಳಿತ ಆಸನದ ಅಲುಗಾಟದಿಂದ ಊಹಿಸುತ್ತಿದ್ದ. 1938ರ ಜುಲೈ 17ರಂದು ಡಗ್ಲಸ್ ಕಾರಿಗನ್ ಎಂಬ ಅಮೆರಿಕದ ಚಾಲಕ ಪಶ್ಚಿಮದ ಕ್ಯಾಲಿಫೋರ್ನಿಯಾಕ್ಕೆಂದು ನ್ಯೂಯಾರ್ಕಿನಿಂದ ಹೊರಟು, 28 ಗಂಟೆಗಳ ಬಳಿಕ ಪೂರ್ವದ ಕಡಲಾಚೆಯ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಇಳಿದ. ದಿಕ್ಸೂಚಿಯನ್ನು ತಪ್ಪಾಗಿ ಓದಿದೆನೆಂದು ಆತನ ಸಮಜಾಯಿಷಿ. ಅಟ್ಲಾಂಟಿಕ್ ದಾಟಲು ಅನುಮತಿ ಕೇಳಿ ಮೊದಲೇ ನಿರಾಕರಿಸಲ್ಪಟ್ಟಿದ್ದುದರಿಂದ ಅದನ್ನು ನಂಬಿದವರು ವಿರಳ. ಆ ಹಾರಾಟದ ಸುದ್ದಿಯಲ್ಲಿ ಪತ್ರಿಕೆಗಳು ಈ ಮಾತನ್ನು ಬಳಸಿದವು. ಅಳತೆಯಿಲ್ಲದೆ ಕೈಯಂದಾಜಿನ ಮೇಲೆ ಉಪ್ಪು ಹಾಕುವ ಅಜ್ಜಿ ಮಾಡುವುದೂ ಅದನ್ನೇ. ಆದರೆ ಅಜ್ಜಿಯ ಅಂದಾಜು ಡಬ್ಲಿನ್ನಿಗೆ ಹೋಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಬಳಕೆಗೆ ಬಂದ ಮೇಲೆ, ತೀರ ಕೆಳಗೆ ಹಾರಿ ಅದರ ಕಣ್ಣು ತಪ್ಪಿಸುವ ವಿಮಾನಗಳಿಂದ 'ಟು ಫ್ಲೈ ಅಂಡರ್ ದ ರೇಡಾರ್' ಬಂದಿತು. ಯಾರ ಗಮನಕ್ಕೂ ಬೀಳದೆ ಇರುವುದು ಎಂದು ಅದರ ಅರ್ಥ.

ಕನ್ನಡವೂ ಹಾರುವುದರಲ್ಲಿ ಹಿಂದೆ ಬಿದ್ದಿಲ್ಲ. ಪ್ರಶ್ನೆಯಿಂದ ತಪ್ಪಿಸಿಕೊಳ್ಳುವವನದು ಹಾರಿಕೆಯ ಉತ್ತರ. ಅಹಂಕಾರದಿಂದ ಮೆರೆಯುವವನು ಹಾರಾಡುತ್ತಾನೆ. ಬೆಚ್ಚಿಬಿದ್ದವನು ಹೌಹಾರುತ್ತಾನೆ. ಚಿಂತೆಯಿಂದ ನಿದ್ದೆ ಹಾರಿಹೋಗುತ್ತದೆ, ಸುದ್ದಿಗೆ ರೆಕ್ಕೆಪುಕ್ಕ ಹುಟ್ಟುತ್ತದೆ, ಕೊನೆಗೊಂದು ದಿನ ಪ್ರಾಣಪಕ್ಷಿಯೂ ಹಾರುತ್ತದೆ. ಇವನ್ನೆಲ್ಲ ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ ಆ ಭಾಷೆಯವರೂ ಕಕ್ಕಾಬಿಕ್ಕಿಯಾಗುತ್ತಾರೆ. ನಗು ಎರಡೂ ಕಡೆಯಿಂದ ಬರಬಹುದಾದ ನಗು.

ಇದನ್ನು ಚೆನ್ನಾಗಿ ಅರಿತಿದ್ದವರು ಬಾಸೆಲ್ ಮಿಷನ್ನಿನ ಜರ್ಮನ್ ವಿದ್ವಾಂಸ ಫರ್ಡಿನೆಂಡ್ ಕಿಟ್ಟೆಲ್. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ನೆರೆಯ ಮಂಗಳೂರಿನಲ್ಲಿ ಅಚ್ಚಾಯಿತು. ಪದದ ಮುಂದೆ ಅರ್ಥ ಬರೆದು ಅವರು ಸುಮ್ಮನಾಗಲಿಲ್ಲ. ಆ ಪದ ಬರುವ ಗಾದೆಗಳನ್ನೂ ಅಲ್ಲಲ್ಲಿ ಕೊಟ್ಟರು. ಜನರ ಬಾಯಲ್ಲಿ ಪದ ಹೇಗೆ ಬಾಳುತ್ತದೆಂಬುದನ್ನು ತಿಳಿಯದೆ ಪರಭಾಷೆ ಕೈಗೆ ಬಾರದೆಂಬುದು ಪರಭಾಷೆಯಾಗಿ ಕನ್ನಡವನ್ನು ಕಲಿತ ಅವರಿಗೆ ಅನುಭವದಿಂದಲೇ ತಿಳಿದಿರಬೇಕು.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ ಸರಳವಾದುದು. ಅರ್ಥವಾಗದ ಇಂಗ್ಲಿಷ್ ಮಾತು ಎದುರಾದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಪದಗಳನ್ನು ಕೂಡಿಸಿದರೆ ಅಸಂಬದ್ಧವಾಗುತ್ತದೆಯೇ? ಹಾಗಿದ್ದರೆ ಅದು ನುಡಿಗಟ್ಟಾಗಿರಬಹುದು. ಯಾವ ಕಸುಬಿನವರು ಇದನ್ನು ಮೊದಲು ಆಡಿರಬಹುದು? ನಾವಿಕನೇ, ಸೌದೆ ಒಡೆಯುವವನೇ, ನಟನೇ? ಇಂಥ ಸಂದರ್ಭದಲ್ಲಿ ಅಜ್ಜಿ ಏನೆನ್ನುತ್ತಿದ್ದರು? ಕೊನೆಯ ಪ್ರಶ್ನೆಯ ಉತ್ತರವನ್ನು ಒಂದು ನೋಟ್‌ಪುಸ್ತಕದಲ್ಲಿ ಇಂಗ್ಲಿಷ್ ಮಾತಿನ ಎದುರು ಬರೆದಿಡಬೇಕು. ಊಹೆ ಕೆಲವೊಮ್ಮೆ ತಪ್ಪುತ್ತದೆ. ಆದುದರಿಂದ ನಿಘಂಟನ್ನು ನೋಡಿ, ಅಧ್ಯಾಪಕರನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಅಗತ್ಯ. ಇಷ್ಟರಿಂದಲೇ ಇಂಗ್ಲಿಷ್ ಬಂದುಬಿಡುತ್ತದೆಂದು ಹೇಳುವುದು ಕಾಗೆ ಹಾರಿಸಿದಂತೆ. ಅದನ್ನು ಓದಬೇಕು, ಕೇಳಬೇಕು, ತಪ್ಪಿಗೆ ಅಂಜದೆ ಆಡಬೇಕು. ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಇನ್ನಷ್ಟು ಗಟ್ಟಿಯಾಗಬೇಕೆಂಬ ತಂದೆತಾಯಂದಿರ ಬೇಡಿಕೆಯೂ ನ್ಯಾಯವಾದುದೇ. ಆದರೆ ಇಂಗ್ಲಿಷಿಗಾಗಿ ಮನೆಯ ಗಾದೆಮಾತನ್ನು ನಿಲ್ಲಿಸುವುದು, ಹೊಸ ಬೀಗದ ಆಸೆಗೆ ಕೈಯಲ್ಲಿದ್ದ ಕೀಲಿಕೈಯನ್ನು ಬಾವಿಗೆ ಎಸೆದಂತೆ.

ಫಲಕದ ಮುಂದೆ ನಿಂತ ಆ ಹುಡುಗಿಗೆ "ಕಲರ್ಸ್ ಎಂದರೆ ಇಲ್ಲಿ ಬಾವುಟ" ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಉಳಿದದ್ದನ್ನು ಅವಳೇ ಹೇಳುತ್ತಿದ್ದಳು. ನಕ್ಕ ಚಿಕ್ಕಪ್ಪನ ಮಗಳಿಗೆ ಅರ್ಥ ಗೊತ್ತಿತ್ತು ನಿಜ, ಬಣ್ಣ ಏಕೆ ಹಾರುತ್ತದೆಂದು ಅವಳಿಗೂ ಗೊತ್ತಿರಲಾರದು. ಇಬ್ಬರೂ ಅಜ್ಜಿಯ ಬಳಿ ಕುಳಿತು ಈ ವಾರ ಮೂರು ಮಾತುಗಳನ್ನು ಬಿಡಿಸಬಹುದು: 'ಟು ಕ್ಲಿಪ್ ಸಮ್‌ಒನ್ಸ್ ವಿಂಗ್ಸ್', 'ದ ಬರ್ಡ್ ಹ್ಯಾಸ್ ಫ್ಲೋನ್', 'ಟು ಟೇಕ್ ಸಮ್‌ಒನ್ ಅಂಡರ್ ಒನ್ಸ್ ವಿಂಗ್'. ಮೂರಕ್ಕೂ ಸಲ್ಲುವ ಕನ್ನಡದ ಮಾತು ಅಜ್ಜಿಯ ಬಾಯಲ್ಲಿದೆ. ಕೊನೆಯದಕ್ಕೆ, ಅಂಗಳದಲ್ಲಿ ಮರಿಗಳನ್ನು ಕಟ್ಟಿಕೊಂಡು ಕುಳಿತ ಹೇಂಟೆಯನ್ನು ನೋಡಿದರೂ ಸಾಕು.